ಮನೆಯಲ್ಲೇ ಮಾಡಿದ ಪ್ಲಾಸ್ಟರ್ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಹೊಸದಾಗಿ ಕರಣೆ ಹಿಡಿದವರ ಗೋಡೆ ಕೆಟ್ಟಿತು ಅಂದ್ರೆ ಮೊದಲ ಬೈಗುಳ ಸಿಮೆಂಟಿಗೆ, ಎರಡನೆಯದು ಮರಳಿಗೆ. ಅಂಗಡಿಯವನು ಹಳೇ ಮಾಲು ಕೊಟ್ಟ ಅಂದುಬಿಡುವುದು ಸುಲಭ, ಅಲ್ವಾ? ಆದರೆ ಕೆಟ್ಟ ಗೋಡೆಯನ್ನು ಸಮಾಧಾನವಾಗಿ ತಟ್ಟಿ, ಕೆರೆದು ನೋಡಿದರೆ ಹೆಚ್ಚಿನ ಸಲ ಸಿಕ್ಕಿಬೀಳುವುದು ನೀರು. ಬಾಂಡ್ಲಿಯಲ್ಲಿ ಜಾಸ್ತಿ ಸುರಿದಿರುತ್ತೀರಿ. ಇಲ್ಲವೇ ಒಣ ಇಟ್ಟಿಗೆ ಅದನ್ನು ಹೀರಿಕೊಂಡಿರುತ್ತದೆ. ಇಲ್ಲವೇ ಕೆಲಸ ಮುಗಿದ ಮೇಲೆ ಗೋಡೆಗೆ ನೀರು ಹೊಡೆಯಲು ಮರೆತಿರುತ್ತೀರಿ. ಅದೂ ಅಲ್ಲದಿದ್ದರೆ ಗೋಡೆಯ ಹಿಂದಿನಿಂದ ಕರೆಯದ ನೀರು ಬರುತ್ತಿರುತ್ತದೆ. ಹಾಗಾಗಿ ಯಾವ ದೋಷ ಕಂಡರೂ ನನ್ನ ಮೊದಲ ಪ್ರಶ್ನೆ ಒಂದೇ: ಇಲ್ಲಿ ನೀರು ಏನು ಮಾಡಿತು?

ಇಲ್ಲಿ ಹೇಳುವುದೆಲ್ಲ ಒಳಗೋಡೆಯ ಸಿಮೆಂಟ್ ಪ್ಲಾಸ್ಟರಿನ ಮಾತು. ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್ ಗೋಡೆ, 12 ಮಿ.ಮೀ. ಆಸುಪಾಸಿನ ದಪ್ಪ, ಒಂದು ಪಾಲು ಸಿಮೆಂಟಿಗೆ ಐದೋ ಆರೋ ಪಾಲು ಮರಳು. ಸೀಲಿಂಗ್ ವಿಷಯ ಎತ್ತುವುದಿಲ್ಲ. ಅದನ್ನು ಕಲಿಯುವವರು ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಚದರ ಅಡಿ ಗೋಡೆ ಪ್ಲಾಸ್ಟರೇ ಎರಡು ಕೆಜಿಗಿಂತ ಜಾಸ್ತಿ ತೂಗುತ್ತದೆ. ಅಂಥದ್ದು ತಲೆ ಮೇಲೆ ಬೀಳುವ ಸಾಧ್ಯತೆ ಇಟ್ಟುಕೊಂಡು ಅಭ್ಯಾಸ ಮಾಡುವುದು ಬೇಡ.

ಮೊದಲು ನೋಡಿ, ಆಮೇಲೆ ಒಡೆಯಿರಿ

ಸುತ್ತಿಗೆ ಎತ್ತುವ ಮೊದಲು ಒಂದು ಪೆನ್ಸಿಲ್, ಒಂದು ನಾಣ್ಯ, ಒಂದು ಮೊಳೆ ತಗೊಳ್ಳಿ. ನಾಣ್ಯದಿಂದ ಗೋಡೆ ಪೂರ್ತಿ ಅಡಿಗೊಂದು ಸಲ ತಟ್ಟುತ್ತಾ ಹೋಗಿ. ಚೆನ್ನಾಗಿ ಹಿಡಿದ ಕಡೆ ಗಟ್ಟಿ, ಚಿಕ್ಕ ಸದ್ದು. ಬಿಟ್ಟುಕೊಂಡ ಕಡೆ ಡಬ್ ಡಬ್ ಅಂತ ಪೊಳ್ಳು ಸದ್ದು. ಪೊಳ್ಳಿನ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಮೊಳೆಯಿಂದ ನಾಲ್ಕೈದು ಕಡೆ ಗೀರಿ. ಬೆಳ್ಳಗಿನ ಸಣ್ಣ ಗೀರು ಬಿದ್ದರೆ ಸರಿ. ಮರಳು ಸುರಿದರೆ ಸರಿಯಿಲ್ಲ. ಸ್ವಿಚ್ ಬೋರ್ಡ್ ಸುತ್ತ ಕೆಲಸ ಮಾಡುವಾಗ, ಗೋಡೆ ಒದ್ದೆ ಮಾಡುವಾಗ ಎಂಸಿಬಿ ಆಫ್ ಮಾಡಿ. ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಇನ್ನೊಂದು, ದೋಷ ಯಾವಾಗ ಕಾಣಿಸಿತು ಎಂದು ನೆನಪು ಮಾಡಿಕೊಳ್ಳಿ. ಹಚ್ಚುವಾಗಲೇ ಕೆಟ್ಟಿತೇ, ಅದೇ ದಿನ ಸಂಜೆಗೆ ಬಿರುಕು ಬಂತೇ, ವಾರದ ಮೇಲೆ ಪುಡಿ ಉದುರಿತೇ, ಮಳೆಗಾಲ ಕಳೆದ ಮೇಲೆ ಉಬ್ಬಿತೇ? ಕಾರಣವನ್ನು ಅರ್ಧದಷ್ಟು ಈ ಒಂದು ಉತ್ತರವೇ ಹೇಳುತ್ತದೆ. ಅದೇ ದಿನದ ಬಿರುಕು ಎಂದರೆ ನೀರು ಬೇಗ ಆರಿದೆ. ತಿಂಗಳುಗಳ ಮೇಲೆ ಬಂದದ್ದು ಎಂದರೆ ಗೋಡೆ ಅಲುಗಿದೆ ಅಥವಾ ತೇವ ಬಂದಿದೆ.

ಹಚ್ಚುತ್ತಿದ್ದಂತೆ ಜಾರಿ ಬೀಳುತ್ತಿದ್ದರೆ

ಇದು ಕಲಿಯುವವರೆಲ್ಲರ ಮೊದಲ ಗೋಳು. ಕರಣೆಯಿಂದ ಹೊಡೆದ ಗಾರೆ ಒಂದು ಕ್ಷಣ ನಿಂತು, ಮೆಲ್ಲಗೆ ಜಾರಿ ಕಾಲಬುಡಕ್ಕೆ ಬರುತ್ತದೆ. ಕೈಯ ಪಳಗಿಕೆ ಸಾಲದು ಅನ್ನಿಸುತ್ತದೆ. ಆದರೆ ಮೊದಲು ಗೋಡೆಗೆ ಒಂದು ಹಿಡಿ ನೀರು ಎರಚಿ ನೋಡಿ. ನೀರು ಬಿದ್ದ ಕೂಡಲೇ ಮಾಯವಾದರೆ ಗೋಡೆ ಬಾಯಾರಿದೆ. ಅದು ಗಾರೆಯ ನೀರನ್ನೂ ಕುಡಿಯುತ್ತದೆ, ಗಾರೆ ಹಿಡಿಯುವ ಮೊದಲೇ ಒಣಗಿ ಕಳಚುತ್ತದೆ. ನೀರು ಹರಿದು ಕೆಳಗೆ ಬಂದರೆ ಗೋಡೆಗೆ ಹೊಟ್ಟೆ ತುಂಬಿದೆ, ಇನ್ನು ಹೀರುವುದಿಲ್ಲ, ಗಾರೆ ಜಾರುತ್ತದೆ. ಒಂದೆರಡು ನಿಮಿಷದಲ್ಲಿ ನಿಧಾನವಾಗಿ ಇಂಗಿ, ಮೇಲ್ಮೈ ಮಂಕಾಗಿ ಕಂಡರೆ ಹದ ಸರಿ.

ಸುಟ್ಟ ಇಟ್ಟಿಗೆಗೆ ಹಿಂದಿನ ಸಂಜೆಯೇ ಚೆನ್ನಾಗಿ ನೀರು ಹೊಡೆದು, ಬೆಳಿಗ್ಗೆ ಇನ್ನೊಂದು ಸಲ ಚಿಮುಕಿಸಬೇಕು. ಸಾಲಿಡ್ ಬ್ಲಾಕಿಗೆ ಅಷ್ಟೆಲ್ಲ ಬೇಡ, ಮೇಲ್ಮೈ ತೇವವಾದರೆ ಸಾಕು. ಎಎಸಿ ಬ್ಲಾಕ್, ಅದೇ ಹಗುರವಾದ ಬಿಳಿ ಬ್ಲಾಕ್, ನೀರನ್ನು ಒಳಗೆ ಎಳೆದುಕೊಂಡು ತುಂಬ ದಿನ ಇಟ್ಟುಕೊಳ್ಳುತ್ತದೆ. ಅದನ್ನು ನೆನೆಸಲೇಬಾರದು, ಸುಮ್ನೆ ಒದ್ದೆ ಬ್ರಷ್ ಆಡಿಸಿದರೆ ಆಯಿತು.

ಗೋಡೆ ಸರಿಯಿದ್ದೂ ಜಾರುತ್ತಿದ್ದರೆ ತಪ್ಪು ಗಾರೆಯದು. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಕರಣೆಯನ್ನು ಓರೆ ಮಾಡಿದರೆ ತಕ್ಷಣ ಬೀಳಬಾರದು, ಕೊಡವಿದರೆ ಅಂಟಿಕೊಂಡೂ ಇರಬಾರದು. ಒರಟು ಮರಳಾದರೂ ಹಿಡಿತ ಬರುವುದಿಲ್ಲ. ಕಾಂಕ್ರೀಟಿಗೆ ಬಳಸುವ ಎಂ-ಸ್ಯಾಂಡಿನಲ್ಲಿ, ಅದೇ ಕಲ್ಲು ಪುಡಿಮಾಡಿ ತಯಾರಿಸಿದ ಮರಳಿನಲ್ಲಿ, 4.75 ಮಿ.ಮೀ. ವರೆಗಿನ ಕಾಳು ಇರುತ್ತದೆ. ಅದನ್ನೇ ಪ್ಲಾಸ್ಟರಿಗೆ ತಂದರೆ ಉಜ್ಜುವಾಗ ಪ್ರತಿ ಕಾಳೂ ಗೆರೆ ಎಳೆಯುತ್ತದೆ. ಅಂಗಡಿಯಲ್ಲಿ ಪಿ-ಸ್ಯಾಂಡ್ (ಪ್ಲಾಸ್ಟರಿನ ನಯ ಮರಳು) ಎಂದೇ ಕೇಳಿ, ತಂದ ಮೇಲೂ ಜರಡಿ ಹಿಡಿಯಿರಿ.

ಕಡೆಯದಾಗಿ ದಪ್ಪ. ಗೋಡೆ ಒಳಕ್ಕೆ ವಾಲಿದೆ ಎಂದು ಒಂದೇ ಏಟಿಗೆ 25 ಮಿ.ಮೀ. ತುಂಬಿಸಿದರೆ ತನ್ನ ಭಾರಕ್ಕೇ ಹೊಟ್ಟೆ ಬಿಟ್ಟುಕೊಂಡು ಇಳಿಯುತ್ತದೆ. ಅಷ್ಟು ಬೇಕಾದರೆ ಎರಡು ಪದರ ಮಾಡಿ. ಮೊದಲನೆಯದು 12 ಮಿ.ಮೀ. ಆಗಲಿ, ಹಸಿ ಇರುವಾಗಲೇ ಮೊಳೆಯಿಂದ ಅಡ್ಡಾದಿಡ್ಡಿ ಗೀರಿ. ಒಂದೆರಡು ದಿನ ನೀರು ಕೊಟ್ಟ ಮೇಲೆ ಎರಡನೆಯದು. ಮೇಲಿನ ಪದರ ಒಳಗಿನದಕ್ಕಿಂತ ಹೆಚ್ಚು ಗಡುಸಾಗಿರಬಾರದು. ಒಳಗೆ ಒಂದಕ್ಕೆ ಆರು ಹಾಕಿ, ಮೇಲೆ ಒಂದಕ್ಕೆ ಮೂರು ಹಾಕಿದರೆ ಮೇಲಿನದು ಕುಗ್ಗುತ್ತಾ ಒಳಗಿನದನ್ನೂ ಕಿತ್ತುಕೊಂಡು ಬರುತ್ತದೆ.

ಗೋಡೆ ಅಲೆ ಅಲೆಯಾಗಿ ಬಂದರೆ

ಬುಲ್ ಮಾರ್ಕ್, ಅಂದರೆ ದಪ್ಪ ತೋರಿಸುವ ಗಾರೆಯ ಗುರುತು, ಇಡದೆ ಕಣ್ಣಂದಾಜಿನಲ್ಲಿ ಹೋಗಿದ್ದೀರಿ, ಅಷ್ಟೆ. ತೂಗುಗುಂಡು ಬಿಟ್ಟು, ನಿಮ್ಮ ಅಲ್ಯೂಮಿನಿಯಂ ಪಟ್ಟಿಗಿಂತ ಕಡಿಮೆ ಅಂತರದಲ್ಲಿ ಗಾರೆಯ ಬಿಲ್ಲೆಗಳನ್ನು ಕೂರಿಸಿ. ಅವು ಗಟ್ಟಿಯಾದ ಮೇಲೆ ನಡುವೆ ತುಂಬಿ, ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಗರಗಸ ಆಡಿಸುವ ಹಾಗೆ ಎಳೆಯಿರಿ. ಈಗಾಗಲೇ ಒಣಗಿದ ಗೋಡೆಯ 3 ಮಿ.ಮೀ. ತಗ್ಗನ್ನು ಪುಟ್ಟಿ ಮುಚ್ಚುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಪುಟ್ಟಿಗೆ ಸುರಿಯುವ ದುಡ್ಡಿನಲ್ಲಿ ಮೇಸ್ತ್ರಿಯನ್ನೇ ಕರೆಸಬಹುದು.

ಬಿರುಕು: ದಾರಿ ನೋಡಿ ಕಾರಣ ಹೇಳಿ

ಎಲ್ಲ ಬಿರುಕೂ ಒಂದೇ ಅಲ್ಲ. ಅಗಲಕ್ಕಿಂತ ಅದು ಹೋಗಿರುವ ದಾರಿ ಮುಖ್ಯ.

ಗೋಡೆ ತುಂಬ ಬಲೆ ಹೆಣೆದಂತೆ ಕೂದಲೆಳೆ ಗೆರೆಗಳು ಕಂಡು, ತಟ್ಟಿದರೆ ಗಟ್ಟಿ ಸದ್ದು ಬಂದರೆ ಅದು ಮೇಲಿನ ಒಂದು ಮಿ.ಮೀ. ರೋಗ. ನುಣುಪು ಬರಲಿ ಎಂದು ಕರಣೆಯಿಂದ ಒಂದೇ ಸಮ ಉಜ್ಜಿದ್ದೀರಿ. ಉಜ್ಜಿದಷ್ಟೂ ಸಿಮೆಂಟಿನ ಹಾಲು ಮೇಲಕ್ಕೆ ಬರುತ್ತದೆ. ಆ ತೆಳು ಪದರ ಹಿಂದಿನದಕ್ಕಿಂತ ಜಾಸ್ತಿ ಕುಗ್ಗಿ ಒಡೆಯುತ್ತದೆ. ಒದ್ದೆ ಗೋಡೆಗೆ ಒಣ ಸಿಮೆಂಟ್ ಎರಚಿ ಉಜ್ಜುವ ಅಭ್ಯಾಸ ಇದನ್ನು ಇನ್ನೂ ಹೆಚ್ಚಿಸುತ್ತದೆ. ನೀರು ಎರಚಿ ಆರುವಾಗ ನೋಡಿ, ಗೆರೆಗಳು ಕಪ್ಪಗೆ ಎದ್ದು ಕಾಣುತ್ತವೆ. ಭಯ ಬೇಡ, ಪ್ರೈಮರ್ ಮತ್ತು ಪುಟ್ಟಿ ಇದನ್ನು ಮುಚ್ಚುತ್ತವೆ. ಮುಂದಿನ ಗೋಡೆಗೆ ಮರದ ಉಜ್ಜುಹಲಗೆ ಮತ್ತು ಸ್ಪಂಜಿಗೆ ನಿಲ್ಲಿಸಿ.

ಬಿರುಕು ಸ್ವಲ್ಪ ಅಗಲವಾಗಿ, ಎರಡು ಮೂರು ಅಡಿಗೊಂದು ಹರಿದಿದ್ದು, ಅಂಚುಗಳು ಪೊಳ್ಳು ಸದ್ದು ಕೊಟ್ಟರೆ ಗಾರೆ ಪೂರ್ತಿ ದಪ್ಪಕ್ಕೂ ಕುಗ್ಗಿದೆ. ಇಲ್ಲಿ ಕಾರಣಗಳು ಮೂರ್ನಾಲ್ಕು ಸೇರಿರುತ್ತವೆ: ನೀರು ಜಾಸ್ತಿ, ಪದರ ದಪ್ಪ, ಸಿಮೆಂಟ್ ಜಾಸ್ತಿ, ಕ್ಯೂರಿಂಗ್ (ಹಚ್ಚಿದ ಮೇಲೆ ನೀರುಣಿಸುವುದು) ಕಡಿಮೆ. ಸಿಮೆಂಟ್ ಜಾಸ್ತಿಯಾದರೆ ಗಟ್ಟಿ ಅಂದುಕೊಂಡು ಒಂದು ಬೊಗಸೆ ಹೆಚ್ಚು ಹಾಕುವವರು ತುಂಬ ಜನ. ಗೊತ್ತಿಲ್ಲದೆ ಹೆಚ್ಚಾಗುವುದೂ ಉಂಟು. ಒದ್ದೆ ಮರಳು ಉಬ್ಬಿರುತ್ತದೆ, ಕಾಲು ಭಾಗದಷ್ಟು ಹೆಚ್ಚು ಜಾಗ ಹಿಡಿಯಬಹುದು. ಮಳೆಯಲ್ಲಿ ನೆನೆದ ರಾಶಿಯಿಂದ ಐದು ಬಕೆಟ್ ಅಳೆದರೆ ನಿಜಕ್ಕೂ ಸಿಗುವುದು ನಾಲ್ಕೇ ಬಕೆಟ್ ಮರಳು. ಹಾಗಾಗಿ ರಾಶಿಗೆ ಟಾರ್ಪಾಲ್ ಹೊದಿಸಿ. ಸಲಿಕೆ ಲೆಕ್ಕ ಬಿಡಿ, ಸಿಮೆಂಟಿಗೂ ಮರಳಿಗೂ ಒಂದೇ ಬಕೆಟ್ ಇರಲಿ. 50 ಕೆಜಿ ಚೀಲದಲ್ಲಿ ಸುಮಾರು 35 ಲೀಟರ್ ಸಿಮೆಂಟ್ ಇರುತ್ತದೆ. 100 ಚದರ ಅಡಿ ಗೋಡೆಗೆ 12 ಮಿ.ಮೀ. ದಪ್ಪಕ್ಕೆ, ಒಂದಕ್ಕೆ ಐದರ ಲೆಕ್ಕದಲ್ಲಿ ಮುಕ್ಕಾಲು ಚೀಲದ ಹತ್ತಿರ ಬೇಕಾಗುತ್ತದೆ. ನಿಮಗೆ ಒಂದೂವರೆ ಚೀಲ ಖರ್ಚಾಗಿದ್ದರೆ ದಪ್ಪವೋ ಪಾಲೋ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಬಿಸಿಲಿನ ಪಾತ್ರ ಮರೆಯಬೇಡಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ತಿಂಗಳಲ್ಲಿ ಹನ್ನೊಂದು ಗಂಟೆಗೆ ಹಚ್ಚಿದ ಗೋಡೆ ಊಟ ಮುಗಿಸಿ ಬರುವಷ್ಟರಲ್ಲಿ ಬೆಳ್ಳಗಾಗಿರುತ್ತದೆ. ಅಲ್ಲಿ ಬೆಳಿಗ್ಗೆ ಬೇಗ ಶುರು ಮಾಡಬೇಕು, ಕಿಟಕಿಗೆ ಗೋಣಿಚೀಲ ಕಟ್ಟಬೇಕು. ಮರುದಿನದಿಂದ ಕನಿಷ್ಠ 7 ದಿನ ಗೋಡೆ ಒಣಗದಂತೆ ನೀರು ಕೊಡಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್, ಅದು ನಿಧಾನವಾಗಿ ಬಲ ಹಿಡಿಯುತ್ತದೆ. ಅದಕ್ಕೆ 10 ದಿನ ಕೊಟ್ಟರೆ ಒಳ್ಳೆಯದು. ದಿನಕ್ಕೊಂದು ಸಲ ಪೈಪ್ ಹಿಡಿದು ತೊಳೆಯುವುದು ಕ್ಯೂರಿಂಗ್ ಅಲ್ಲ. ಮೂರು ನಾಲ್ಕು ಸಲ ಚಿಮುಕಿಸುವುದು ಕ್ಯೂರಿಂಗ್.

ಇನ್ನು ನೇರ ಗೆರೆಗಳು. ಕಂಬದ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ, ಅಥವಾ ಬೀಮಿನ ಕೆಳಗೆ ಅಡ್ಡಕ್ಕೆ ಸ್ಕೇಲು ಇಟ್ಟು ಎಳೆದಂಥ ಬಿರುಕು ಬಂದರೆ ಅದು ಗಾರೆಯ ತಪ್ಪಲ್ಲ. ಕಾಂಕ್ರೀಟ್ ಮತ್ತು ಇಟ್ಟಿಗೆ ಬಿಸಿಗೆ, ತೇವಕ್ಕೆ ಒಂದೇ ರೀತಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಎರಡರ ಸಂದಿಯಲ್ಲಿ ಪ್ಲಾಸ್ಟರ್ ಹರಿಯುತ್ತದೆ. ಬರೀ ಪುಟ್ಟಿ ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಅಲ್ಲೇ ಕಾಣುತ್ತದೆ. ಗೆರೆಯ ಎರಡೂ ಬದಿ 15 ಸೆ.ಮೀ. ಕತ್ತರಿಸಿ ತೆಗೆದು, ಕೋಳಿ ಜಾಲರಿಯನ್ನು ಬಿಗಿಯಾಗಿ ಮೊಳೆ ಹೊಡೆದು, ಮೇಲೆ ಹೊಸದಾಗಿ ಹಚ್ಚಿ. ಜಾಲರಿ ಸಡಿಲವಾಗಿ ಉಬ್ಬಿದ್ದರೆ ಪ್ರಯೋಜನವಿಲ್ಲ. ವೈರಿಂಗ್ ಪೈಪಿನ ದಾರಿಯಲ್ಲೇ ಬಿರುಕು ಬಂದಿದ್ದರೂ ಇದೇ ಮದ್ದು. ಪೈಪು ಗೋಡೆಯ ಮಟ್ಟಕ್ಕಿಂತ ಒಳಗೆ ಕೂತಿದೆಯೇ ಎಂದು ಮೊದಲು ನೋಡಿ.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು, ಗೋಡೆಯ ಎರಡೂ ಕಡೆ ಒಂದೇ ಜಾಗದಲ್ಲಿ ಕಾಣುವ ಬಿರುಕು: ಇವುಗಳಿಗೆ ಕರಣೆ ಮುಟ್ಟಿಸಬೇಡಿ. ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳ ಮೇಲೆ ಗುರುತು ದಾಟಿದ್ದರೆ ಸಿವಿಲ್ ಎಂಜಿನಿಯರ್‌ಗೆ ತೋರಿಸಿ.

ಪೊಳ್ಳು ಸದ್ದು, ಕಳಚಿ ಬಿದ್ದ ತುಂಡು

ಬಿದ್ದ ತುಂಡನ್ನು ಎಸೆಯಬೇಡಿ. ಅದರ ಬೆನ್ನು ನೋಡಿ. ಮುಂಭಾಗಕ್ಕಿಂತ ಹತ್ತು ಪಟ್ಟು ಹೆಚ್ಚು ವಿಷಯ ಅಲ್ಲಿರುತ್ತದೆ, ಆದರೂ ಇದನ್ನು ನೋಡುವವರು ಕಡಿಮೆ.

ಬೆನ್ನು ನುಣ್ಣಗೆ, ಗಾಜಿನಂತೆ ಸಪಾಟಾಗಿದ್ದರೆ ಗಾರೆ ಹಿಡಿದುಕೊಂಡೇ ಇರಲಿಲ್ಲ. ಕಾಂಕ್ರೀಟ್ ಕಂಬದ ಮೇಲೆ ಹೀಗಾಗುವುದು ಜಾಸ್ತಿ. ಸೆಂಟ್ರಿಂಗ್ ಹಲಗೆಗೆ ಬಳಿದ ಎಣ್ಣೆ ಅಲ್ಲಿ ಇನ್ನೂ ಉಳಿದಿರುತ್ತದೆ, ಹಿಡಿತಕ್ಕೆ ಒರಟೂ ಇರುವುದಿಲ್ಲ. ಉಳಿ ಸುತ್ತಿಗೆಯಿಂದ ಹ್ಯಾಕಿಂಗ್ ಮಾಡಿ (ಚಿಕ್ಕ ಚಿಕ್ಕ ಗುಳಿ ಕೊರೆದು ಒರಟು ಮಾಡಿ), ತೊಳೆದು, ಸಿಮೆಂಟ್ ಹಾಲು (ನೀರಲ್ಲಿ ಕದಡಿದ ಸಿಮೆಂಟ್) ಬಳಿದು, ಅದು ಹಸಿ ಇರುವಾಗಲೇ ಗಾರೆ ಹಚ್ಚಬೇಕು. ಹಾಲು ಒಣಗಿದ ಮೇಲೆ ಹಚ್ಚಿದರೆ ಅದೇ ಇನ್ನೊಂದು ನುಣುಪು ಪದರವಾಗುತ್ತದೆ. ಹಳೇ ಪೇಂಟಿನ ಮೇಲೆ ಹಚ್ಚಿದ್ದರೂ ಬೆನ್ನು ನುಣ್ಣಗೇ ಇರುತ್ತದೆ, ಬಣ್ಣವೂ ಅಂಟಿರುತ್ತದೆ.

ಬೆನ್ನಲ್ಲಿ ಮರಳು ಸಡಿಲವಾಗಿ ಉದುರಿದರೆ ಒಣ ಇಟ್ಟಿಗೆ ನೀರು ಕುಡಿದಿದೆ. ಕೆಂಪು ಧೂಳು ಅಂಟಿದ್ದರೆ ಗೋಡೆ ಗುಡಿಸದೆ ಹಚ್ಚಿದ್ದೀರಿ. ಇಟ್ಟಿಗೆಯ ಚಕ್ಕೆಗಳೇ ಕಿತ್ತು ಬಂದಿದ್ದರೆ ನಿಮ್ಮ ಕೆಲಸ ಸರಿಯಾಗಿದೆ, ಇಟ್ಟಿಗೆಗೇ ಬಲವಿಲ್ಲ. ಬಿಳಿ ಪುಡಿ ಕಂಡರೆ ಅದು ತೇವದ ಕಥೆ, ಮುಂದೆ ಹೇಳುತ್ತೇನೆ.

ಪೊಳ್ಳು ಇದ್ದ ಕಡೆಯೆಲ್ಲ ಒಡೆಯಬೇಕೇ? ಅಂಗೈ ಅಗಲದ್ದು, ಒತ್ತಿದರೆ ಅಲುಗದ್ದು, ಸುತ್ತ ಬಿರುಕಿಲ್ಲದ್ದು ಇದ್ದರೆ ನಾನಂತೂ ಮುಟ್ಟುವುದಿಲ್ಲ. ಅದಕ್ಕಿಂತ ದೊಡ್ಡದು, ಅದರಲ್ಲೂ ಮಂಚದ ತಲೆಭಾಗದಲ್ಲಿ, ಬಾಗಿಲ ಮೇಲೆ, ಟಿವಿ ಅಥವಾ ಕಪಾಟು ತೂಗುಹಾಕುವ ಕಡೆ ಇದ್ದರೆ ತೆಗೆಯಲೇಬೇಕು.

ಕೈ ಆಡಿಸಿದರೆ ಮರಳು ಉದುರಿದರೆ

ಎಲ್ಲಿ ಉದುರುತ್ತದೆ ನೋಡಿ. ಇಡೀ ಗೋಡೆಯಾದರೆ ಪಾಲು ತಪ್ಪಿದೆ ಅಥವಾ ಸಿಮೆಂಟ್ ನಿಜಕ್ಕೂ ಹಳೆಯದು. ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿ, ಬೆರಳಲ್ಲಿ ಹಿಸುಕಿದರೂ ಒಡೆಯದ ಗಂಟುಗಳಿದ್ದರೆ ಅದು ಪ್ಲಾಸ್ಟರಿಗೆ ಬೇಡ. ಒಂದು ಬದಿಯಲ್ಲಿ ಮಾತ್ರ ಪುಡಿಯಾದರೆ, ಆ ಬದಿಗೆ ಬಿಸಿಲು ಗಾಳಿ ಬಡಿಯುತ್ತದೆಯೇ ಎಂದು ನೋಡಿ. ಅಲ್ಲಲ್ಲಿ ತೇಪೆ ತೇಪೆಯಾಗಿ ಉದುರಿದರೆ, ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ನೀರು ಹಾಕಿ ಕಲಸಿ ಹಚ್ಚಿದ ಜಾಗ ಅದು. ನೀರು ಬೆರೆಸಿದ ಮೇಲೆ ಗಾರೆಯನ್ನು ಒಂದು ಗಂಟೆಯೊಳಗೆ ಮುಗಿಸಿ. ಕಲಿಯುವವರ ಕೈ ನಿಧಾನ. ಅದಕ್ಕೇ ಒಂದು ಸಲಕ್ಕೆ ಎರಡು ಬಾಂಡ್ಲಿಗಿಂತ ಹೆಚ್ಚು ಕಲಸಬೇಡಿ. ಮಿಕ್ಕದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ, ನಿಜ. ಅದನ್ನು ಅಂಗಳದ ಗುಂಡಿಗೆ ಹಾಕಿ, ಗೋಡೆಗೆ ಹಾಕಬೇಡಿ.

ಮೇಲಿನ ತೆಳು ಪದರ ಮಾತ್ರ ಉದುರಿ, ಮೊಳೆ ಗೀರಿದಾಗ ಒಳಗೆ ಗಟ್ಟಿ ಸಿಕ್ಕರೆ ಬ್ರಷ್ ಹಾಕಿ ಉಜ್ಜಿ ಪ್ರೈಮರ್ ಕೊಡಬಹುದು. ಮೊಳೆ ಸಲೀಸಾಗಿ ಒಳಗೆ ಇಳಿದರೆ ಆ ಪ್ಲಾಸ್ಟರ್ ಉಳಿಯುವುದಿಲ್ಲ. ಕೆಡವುವುದೇ ಕಡಿಮೆ ಖರ್ಚು.

ಬಿಳಿ ಪುಡಿ, ತೇವ, ಉಬ್ಬು

ಗೋಡೆ ಉಪ್ಪು ಬಿಟ್ಟಿದೆ ಎಂದರೆ ನೀರು ಎಲ್ಲಿಂದಲೋ ಹರಿದು ಬಂದು, ದಾರಿಯಲ್ಲಿ ಉಪ್ಪನ್ನು ಕರಗಿಸಿಕೊಂಡು, ಮೇಲ್ಮೈಯಲ್ಲಿ ಆರಿ ಹೋಗಿದೆ. ನೀರು ಹೋಯಿತು, ಉಪ್ಪು ಉಳಿಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಮತ್ತೆ ಕರಗಿ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ತೆಗೆಯಿರಿ. ಹೊಸ ಗೋಡೆಯಲ್ಲಿ ಮೊದಲ ತಿಂಗಳು ಸ್ವಲ್ಪ ಬಂದು ನಿಂತರೆ ಅದು ಕಟ್ಟುವಾಗಿನ ನೀರು, ಚಿಂತೆಯಿಲ್ಲ. ಮತ್ತೆ ಮತ್ತೆ ಬಂದರೆ ಮೂಲ ಹುಡುಕಬೇಕು.

ನೆಲದಿಂದ ಸುಮಾರು ಮೂರು ಅಡಿಯವರೆಗೆ ಪಟ್ಟಿಯಂತೆ ಕಂಡರೆ ನೆಲದ ತೇವ ಮೇಲೇರುತ್ತಿದೆ. ಒಂದೇ ಕಡೆ ದುಂಡಗೆ ಕಂಡರೆ ಒಳಗಿನ ಪೈಪು. ಮೇಲಿಂದ ಇಳಿದಿದ್ದರೆ ತಾರಸಿ. ಬಾತ್‌ರೂಮಿನ ಬೆನ್ನಿಗಿರುವ ಗೋಡೆಯಾದರೆ ಟೈಲ್ಸ್ ಸಂದಿ ನೋಡಿ. ಅನುಮಾನ ಇದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ ಬೆವರಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯ ತೇವ. ಮಡಿಕೇರಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ಈ ಎರಡನೆಯದೂ ಸಾಮಾನ್ಯ, ಅದಕ್ಕೆ ಪ್ಲಾಸ್ಟರ್ ಕೀಳಬೇಕಿಲ್ಲ, ಕಿಟಕಿ ತೆರೆಯಬೇಕು.

ಮೂಲ ಮುಚ್ಚದೆ ಒಳಗಿನಿಂದ ವಾಟರ್‌ಪ್ರೂಫ್ ಬಳಿದರೆ ತೇವ ಅದನ್ನು ಬಳಸಿಕೊಂಡು ಇನ್ನೂ ಮೇಲೆ ಹೋಗಿ ಕಾಣಿಸಿಕೊಳ್ಳುತ್ತದೆ. ಕರಾವಳಿಯವರಿಗೆ ಇನ್ನೊಂದು ಮಾತು: ಕಡಲ ಮರಳು ಬೆರೆತರೆ ಆ ಗೋಡೆ ಗಾಳಿಯ ತೇವವನ್ನೇ ಹೀರಿಕೊಂಡು ಪ್ರತಿ ಮಳೆಗಾಲ ಬೆವರುತ್ತದೆ. ಅದಕ್ಕೆ ಕಿತ್ತು ತೆಗೆಯುವುದೊಂದೇ ದಾರಿ.

ಹಳೇ ಮಣ್ಣಿನ ಗೋಡೆಗೆ ಸಿಮೆಂಟ್ ಹಚ್ಚಿ ಕೈಸುಟ್ಟುಕೊಂಡವರ ಸಂಖ್ಯೆ ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಕಡಿಮೆಯಿಲ್ಲ. ಮಣ್ಣು ತೇವ ಹೀರುತ್ತದೆ, ಬಿಡುತ್ತದೆ, ಅದರೊಂದಿಗೆ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಸಿಮೆಂಟ್ ಪದರ ಗಡುಸು, ತೇವವನ್ನು ಹೊರಗೆ ಬಿಡುವುದೂ ಕಡಿಮೆ. ಒಂದೆರಡು ಮಳೆಗಾಲ ಚಂದ ಇರುತ್ತದೆ. ಆಮೇಲೆ ದೊಡ್ಡ ದೊಡ್ಡ ಹಲಗೆಯಾಗಿ ಕಳಚುತ್ತದೆ, ಹಿಂದಿನ ಮಣ್ಣು ಮೆತ್ತಗಾಗಿರುತ್ತದೆ. ಅಲ್ಲಿ ಮಣ್ಣಿನ ಸಾರಣೆ ಅಥವಾ ಸುಣ್ಣದ ಗಾರೆಯೇ ಸರಿ. ಸುಣ್ಣದ ಗಾರೆಯಲ್ಲಿ ಚಿಕ್ಕ ಚಿಕ್ಕ ಗುಳಿ ಎದ್ದು, ನಡುವೆ ಬಿಳಿ ಚುಕ್ಕೆ ಕಂಡರೆ ಸುಣ್ಣ ಪೂರ್ತಿ ಅರಳಿರಲಿಲ್ಲ. ಅರಳದ ಕಾಳು ಗೋಡೆಯೊಳಗೆ ಅರಳಿ ಸಿಡಿದಿದೆ. ಮುಂದಿನ ಸಲ ಸುಣ್ಣವನ್ನು ಹೆಚ್ಚು ದಿನ ನೆನೆಹಾಕಿ, ಸೋಸಿ ಬಳಸಿ.

ತೇಪೆ ಹಾಕುವುದು

ಕೆಟ್ಟ ಭಾಗವನ್ನು ಪೆನ್ಸಿಲ್ ಗೆರೆಗಿಂತ ಎರಡು ಇಂಚು ಆಚೆಗೆ, ಚೌಕಾಕಾರವಾಗಿ ಕತ್ತರಿಸಿ. ಗ್ರೈಂಡರ್ ಬಳಸುವುದಾದರೆ ವೈರು ಎಲ್ಲಿ ಹೋಗಿದೆ ಎಂದು ತಿಳಿದುಕೊಳ್ಳಿ, ಮಾಸ್ಕ್ ಕನ್ನಡಕ ಹಾಕಿಕೊಳ್ಳಿ. ಅಂಚು ಒಳಗೆ ಅಗಲ, ಹೊರಗೆ ಕಿರಿದಾಗುವಂತೆ ಓರೆ ಮಾಡಿದರೆ ಹೊಸ ಗಾರೆ ಸಿಕ್ಕಿಕೊಂಡು ನಿಲ್ಲುತ್ತದೆ. ಇಟ್ಟಿಗೆಯ ಸಂದಿಗಳನ್ನು ಒಂದು ಸೆ.ಮೀ. ಕೆರೆಯಿರಿ. ಧೂಳು ಗುಡಿಸಿ, ನೀರು ಎರಚಿ, ಹಿಂದೆ ಹೇಳಿದ ಹದ ಬರುವವರೆಗೆ ಕಾಯಿರಿ. ಹಳೇ ಪ್ಲಾಸ್ಟರಿನ ಅಂಚಿಗೂ ನೀರು ಕೊಡಿ, ಇಲ್ಲವಾದರೆ ಸರಿಯಾಗಿ ಆ ಗೆರೆಯಲ್ಲೇ ಹೊಸ ಬಿರುಕು ಬರುತ್ತದೆ. ಹಳೆಯದಕ್ಕೆ ಬಳಸಿದ ಪಾಲನ್ನೇ ಬಳಸಿ. ಅಂಚುಗಳಿಗೆ ಸಿಮೆಂಟ್ ಹಾಲು ಬಳಿದು, ಗಾರೆಯನ್ನು ಮೆತ್ತುವ ಬದಲು ಕರಣೆಯಿಂದ ಬೀಸಿ ಹೊಡೆಯಿರಿ. ಬೀಸಿದರೆ ಒಳಗಿನ ಗಾಳಿ ಹೊರಬಂದು ಸಂದಿಗೆ ಗಾರೆ ನುಗ್ಗುತ್ತದೆ. ಪಟ್ಟಿ ಎಳೆದು, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪವೇ ತಗ್ಗುವಷ್ಟು ಗಟ್ಟಿಯಾದ ಮೇಲೆ ಉಜ್ಜಿ.

ಕೈಗೆ ಗ್ಲೌಸ್ ಇರಲಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಸುಟ್ಟದ್ದು ಗೊತ್ತಾಗುವುದು ರಾತ್ರಿಗೆ.

ತೇಪೆಗೆ ಒದ್ದೆ ಗೋಣಿಚೀಲ ತೂಗುಬಿಟ್ಟು ವಾರವಿಡೀ ನೀರು ಕೊಡಿ. ಆಮೇಲೆ ಮತ್ತೆ ನಾಣ್ಯ ತಗೊಂಡು ತಟ್ಟಿ. ಹಳೆಯದು ಹೊಸದು ಎರಡೂ ಒಂದೇ ಸದ್ದು ಕೊಟ್ಟರೆ ಗೋಡೆಯನ್ನು ಪೂರ್ತಿ ಆರಲು ಬಿಡಿ. ಪೇಂಟಿಗೆ 28 ದಿನವಾದರೂ ಕಾಯಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಬ್ಬ ಹತ್ತಿರ ಬಂತು ಎಂದು ಅವಸರ ಮಾಡಿದರೆ ಒಳಗೆ ಸಿಕ್ಕಿದ ತೇವ ಪೇಂಟನ್ನು ಗುಳ್ಳೆ ಎಬ್ಬಿಸುತ್ತದೆ. ಬೇಕಾದರೆ ಅಷ್ಟು ದಿನ ತೇಪೆಯ ಮುಂದೆ ಒಂದು ಕ್ಯಾಲೆಂಡರ್ ತೂಗುಹಾಕಿ.